ಜಂತು ಮಾತ್ರೆ ಕೊಟ್ಟಿದ್ದೀವಿ ಸರಿ, ಅದು ಕೆಲಸ ಮಾಡ್ತಾ?

ನಮ್ಮ ಲಾಯದ ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿದ್ದೇವೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಈ ನಾಲ್ಕು ತಿಂಗಳ ಮೊದಲ ಭಾನುವಾರಕ್ಕೆ ಕೆಂಪು ಪೆನ್ನಿನ ಸುತ್ತು. ಅವತ್ತು ಏಳೂ ಕುದುರೆಗಳಿಗೆ ಜಂತುಹುಳುವಿನ ಮಾತ್ರೆ. ನಾಲ್ಕು ವರ್ಷ ಒಂದು ಸಲವೂ ತಪ್ಪಿಸಿಲ್ಲ. ಲೆಕ್ಕ ಹಾಕಿದರೆ 112 ಡೋಸ್ ಆಗುತ್ತದೆ. ಈ ಶಿಸ್ತಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಮೇ ತಿಂಗಳ ಒಂದು ರಾತ್ರಿ ಬಾದಲ್ ಹೊಟ್ಟೆನೋವಿನಿಂದ ನೆಲಕ್ಕೆ ಬಿದ್ದು ಹೊರಳಾಡತೊಡಗಿದ. ಕುದುರೆ ಸಾಕಿದವರಿಗೆ ಕೋಲಿಕ್ ಅಂದರೆ ಏನು ಅಂತ ಹೇಳಬೇಕಿಲ್ಲ. ಹಾರೋಹಳ್ಳಿ ಕಡೆಯ ನಮ್ಮ ಜಾಗಕ್ಕೆ ಡಾಕ್ಟರ್ ಬರುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ. ನೋವಿನ ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಟ್ಯೂಬ್ ಹಾಕಿ, ಎರಡು ಗಂಟೆ ನಡೆದಾಡಿಸಿದ ಮೇಲೆ ಸುಧಾರಿಸಿಕೊಂಡ. ಬೆಳಕಿನಲ್ಲಿ ನೋಡಿದಾಗ ಡಾಕ್ಟರಮ್ಮ ಅವನ ಪಕ್ಕೆಲುಬಿನ ಮೇಲೆ ಕೈಯಾಡಿಸಿದರು. ಕೂದಲು ಒರಟಾಗಿತ್ತು. ಹುರುಳಿ, ಬೂಸಾ ಎಲ್ಲಾ ಹೊಟ್ಟೆ ತುಂಬಾ ತಿಂದರೂ ಇಳಿದುಹೋಗಿದ್ದ.

"ಜಂತು ಔಷಧಿ ಯಾವಾಗ ಕೊಟ್ರಿ?"

"ಏಪ್ರಿಲ್ ಮೊದಲ ವಾರ. ಮೂರು ತಿಂಗಳಿಗೊಮ್ಮೆ ತಪ್ಪದೇ ಕೊಡ್ತೀವಿ ಮೇಡಂ."

"ಕೊಟ್ಟಿದ್ದು ಗೊತ್ತಾಯ್ತು. ಕೆಲಸ ಮಾಡ್ತಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕಿಕೊಂಡು ಹೋಗಿ ಸುಮಾರು ನಾಲ್ಕು ತಿಂಗಳು ಲದ್ದಿ ಹೊತ್ತುಕೊಂಡು ತಿರುಗಿದೆ. ದಾರಿಯಲ್ಲಿ ಮಾಡಬಾರದ ತಪ್ಪೆಲ್ಲಾ ಮಾಡಿದೆ. ನೀವಾದರೂ ಮಾಡದಿರಲಿ ಅಂತ ಬರೆಯುತ್ತಿದ್ದೇನೆ.

ಪರೀಕ್ಷೆಯ ತತ್ವ ತುಂಬಾ ಸರಳ. ಔಷಧಿ ಕೊಡುವ ಮೊದಲು ಒಂದು ಗ್ರಾಂ ಲದ್ದಿಯಲ್ಲಿ ಹುಳುವಿನ ಮೊಟ್ಟೆ ಎಷ್ಟಿವೆ ಅಂತ ಎಣಿಸಬೇಕು. ಇದಕ್ಕೆ ಎಪಿಜಿ ಅನ್ನುತ್ತಾರೆ. ಔಷಧಿ ಕೊಟ್ಟು 14 ದಿನ ಆದ ಮೇಲೆ ಅದೇ ಕುದುರೆಯ ಲದ್ದಿಯನ್ನು ಮತ್ತೆ ಎಣಿಸಬೇಕು. ಎಷ್ಟು ಕಡಿಮೆಯಾಯಿತೋ ಅದೇ ಔಷಧಿಯ ಮಾರ್ಕ್ಸು. ಹೇಳಲು ಇಷ್ಟೇ.

ಮೊದಲ ತಡೆ ಕಾಯುವುದರಲ್ಲೇ ಬಂತು. ಹಿಂದಿನ ಔಷಧಿಯ ಪ್ರಭಾವ ಇದ್ದಾಗ ಎಣಿಸಿದರೆ ಲೆಕ್ಕ ಕೆಡುತ್ತದೆ, ಕನಿಷ್ಠ ಎಂಟು ವಾರ ಆಗಲಿ ಅಂದರು ಡಾಕ್ಟರ್. ಅಂದರೆ ಜೂನ್ ತನಕ ಸುಮ್ನೆ ಕೂರಬೇಕು. ಬಾದಲ್ ಸೊರಗಿದ್ದ, ಆದರೆ ಅಪಾಯದಲ್ಲಿರಲಿಲ್ಲ. ದಿನಾ ಬೆಳಿಗ್ಗೆ ಅವನ ಪಕ್ಕೆಲುಬು ನೋಡುವುದು, ಕ್ಯಾಲೆಂಡರ್ ನೋಡುವುದು. ಕೈಗೆ ಸಿಗುವ ಯಾವುದೋ ಔಷಧಿ ಹಾಕಿಬಿಡೋಣ ಅಂತ ಎಷ್ಟೋ ಸಲ ಅನ್ನಿಸಿತ್ತು. ಹಾಕಿದ್ದರೆ ಮತ್ತೆ ಎಂಟು ವಾರ ಹೋಗುತ್ತಿತ್ತು.

ಜೂನ್ ಮೊದಲ ವಾರ ಏಳು ಕವರ್ ಲದ್ದಿ ತೆಗೆದುಕೊಂಡು ನಗರದ ಒಂದು ಲ್ಯಾಬಿಗೆ ಹೋದೆ. ಅಲ್ಲಿನ ಫಾರಂನಲ್ಲಿ ದನ, ಎಮ್ಮೆ, ಕುರಿ, ಮೇಕೆ, ನಾಯಿ, ಕೋಳಿ ಅಂತ ಇತ್ತು. ಕುದುರೆ ಇಲ್ಲ. ಗುಮಾಸ್ತರು ಸ್ವಲ್ಪ ಯೋಚಿಸಿ 'ಇತರೆ' ಅಂತ ಗುರುತು ಹಾಕಿದರು. ಡಾಕ್ಟರ ಚೀಟಿ ಇಲ್ಲದೆ ತಗೊಳ್ಳುವುದಿಲ್ಲ ಅಂದರು. ಚೀಟಿ ನನ್ನ ಬಳಿ ಇರಲಿಲ್ಲ. ಫೋನ್ ಮಾಡಿ ವಾಟ್ಸಾಪಿನಲ್ಲಿ ತರಿಸಿಕೊಂಡು, ಎದುರಿನ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಕೊಡುವಷ್ಟರಲ್ಲಿ ಊಟದ ಹೊತ್ತಾಗಿ ಕೌಂಟರ್ ಮುಚ್ಚಿತು. ಮಧ್ಯಾಹ್ನ ಎರಡೂವರೆ ತನಕ ಲದ್ದಿ ಕಾರಿನಲ್ಲೇ ಬೆಂದಿತು. ಇದು ದೊಡ್ಡ ತಪ್ಪು ಅಂತ ನನಗೆ ಆಗ ಗೊತ್ತಿಲ್ಲ.

ಐದು ದಿನದ ಮೇಲೆ ವರದಿ ಬಂತು. 'ಸ್ಟ್ರಾಂಗೈಲ್ ಮೊಟ್ಟೆಗಳು: ++'. ಸ್ಟ್ರಾಂಗೈಲ್ ಅಂದರೆ ಕುದುರೆಯ ಕರುಳಿನಲ್ಲಿ ಬೆಳೆಯುವ ಒಂದು ಬಗೆಯ ಜಂತುಹುಳು. ಏಳರಲ್ಲಿ ಐದಕ್ಕೆ ಎರಡು ಪ್ಲಸ್, ಒಂದಕ್ಕೆ ಒಂದು ಪ್ಲಸ್, ಒಂದಕ್ಕೆ ಇಲ್ಲ. ಡಾಕ್ಟರಿಗೆ ಕಳಿಸಿದರೆ ನಗುವ ಗೊಂಬೆ ಉತ್ತರವಾಗಿ ಬಂತು. ಎರಡು ಪ್ಲಸ್ಸಿನಿಂದ ಎರಡು ಪ್ಲಸ್ ಕಳೆಯುವುದು ಹೇಗೆ? ಹುಳು ಇದೆಯೋ ಇಲ್ಲವೋ ಅಂತ ತಿಳಿಯಲು ಆ ವರದಿ ಸಾಕು. ಔಷಧಿಯನ್ನು ಅಳೆಯಲು ಸಂಖ್ಯೆಯೇ ಬೇಕು. ಏಳು ಸ್ಯಾಂಪಲ್‌ಗೆ ತಲಾ 150ರಂತೆ 1,050 ರೂಪಾಯಿ ನೀರಿಗೆ ಹೋಯಿತು. ತಪ್ಪು ಅವರದ್ದಲ್ಲ, ಕೇಳದೇ ಕೊಟ್ಟವನು ನಾನು. ನೀವು ಯಾವ ಲ್ಯಾಬಿಗೆ ಹೋದರೂ ಮೊದಲು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಮ್ಯಾಕ್‌ಮಾಸ್ಟರ್ ವಿಧಾನದಲ್ಲಿ ಎಣಿಸಿ ಎಪಿಜಿ ಕೊಡ್ತೀರಾ?" ಹೌದು ಅಂದರೆ ಮಾತ್ರ ಕಾರ್ ಹತ್ತಿ.

ಹಾಗೆ ಕೊಡುವ ಲ್ಯಾಬ್ ಹುಡುಕಲು ಇನ್ನೊಂದು ವಾರ ಹಿಡಿಯಿತು. ಸ್ಯಾಂಪಲ್ಲಿಗೆ 300 ರೂಪಾಯಿ. ಅಲ್ಲಿನ ಟೆಕ್ನೀಷಿಯನ್ ತುಂಬಾ ಒಳ್ಳೆಯ ಮನುಷ್ಯ. ಲದ್ದಿ ತರುವುದು ಹೇಗೆ ಅಂತ ಅವರೇ ಪಾಠ ಮಾಡಿದರು. ಬಿದ್ದು ಒಂದೆರಡು ಗಂಟೆಯೊಳಗಿನ ಲದ್ದಿ ಬೇಕು. ಒಂದೇ ಉಂಡೆ ಸಾಲದು. ಗುಡ್ಡೆಯ ಬೇರೆ ಬೇರೆ ಕಡೆಯಿಂದ ಮೂರು ನಾಲ್ಕು ಉಂಡೆಗಳಲ್ಲಿ ಸ್ವಲ್ಪ ಸ್ವಲ್ಪ ತೆಗೆಯಬೇಕು. ಜಿಪ್ ಕವರಿನಲ್ಲಿ ಹಾಕಿ ಗಾಳಿ ಪೂರ್ತಿ ಹಿಂಡಬೇಕು. ಗಾಳಿ ಮತ್ತು ಶಾಖ ಸಿಕ್ಕರೆ ಮೊಟ್ಟೆ ಒಡೆದು ಮರಿ ಹೊರಬರುತ್ತದೆ, ಆಮೇಲೆ ಎಣಿಸಲು ಮೊಟ್ಟೆಯೇ ಇರುವುದಿಲ್ಲ. ಫ್ರಿಜ್ಜಿನಲ್ಲಿಡಬಹುದು, ಫ್ರೀಜರಿನಲ್ಲಿ ಬೇಡವೇ ಬೇಡ. ಐಸ್ ಪ್ಯಾಕ್ ಇಟ್ಟರೆ ಮಧ್ಯೆ ಒಂದು ಟವೆಲ್ ಇರಲಿ. ಕಾರಿನಲ್ಲಿ ಬೆಂದ ನನ್ನ ಮೊದಲ ಸ್ಯಾಂಪಲ್ ನೆನೆದು ಮುಖ ಸಣ್ಣದಾಯಿತು.

ಇನ್ನೊಂದು ಮಾತು. ಯಾವ ಲದ್ದಿ ಯಾರದ್ದು? ಹಗಲು ಎಲ್ಲವೂ ಒಟ್ಟಿಗೆ ಅಂಗಳದಲ್ಲಿರುತ್ತವೆ. ನಮ್ಮ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, "ಇದು ರಾಣಿದೇ ಸಾರ್, ಗೊತ್ತಾಗತ್ತೆ" ಅಂತ ಭರವಸೆಯಿಂದ ಹೇಳುತ್ತಾನೆ. ನನಗೆ ನಂಬಿಕೆ ಬರಲಿಲ್ಲ. ಹಿಂದಿನ ರಾತ್ರಿ ಒಂದೊಂದನ್ನೂ ಬೇರೆ ಬೇರೆ ಕಟ್ಟಿ, ಬೆಳಿಗ್ಗೆ ಐದಕ್ಕೆ ಎದ್ದು ನಾನೇ ತೆಗೆದೆ. ಕವರಿನ ಮೇಲೆ ಹೆಸರು ಬರೆಯಲು ಒದ್ದೆಗೆ ಅಳಿಸದ ಪೆನ್ ಬೇಕು. ಬಾಲ್ ಪೆನ್ನಿನ ಹೆಸರು ಐಸ್ ಪ್ಯಾಕಿನ ನೀರಿಗೆ ಹೋಗಿಬಿಡುತ್ತದೆ.

ಎಣಿಸುವುದನ್ನು ಅವತ್ತು ಕಣ್ಣಾರೆ ನೋಡಿದೆ. ಎರಡು ಗ್ರಾಂ ಲದ್ದಿಯನ್ನು 28 ಮಿಲಿ ಗಟ್ಟಿ ಉಪ್ಪಿನ ದ್ರಾವಣದಲ್ಲಿ ಕದಡಿ ಸೋಸುತ್ತಾರೆ. ಗೆರೆ ಎಳೆದ ಗಾಜಿನ ಪುಟ್ಟ ಕೋಣೆಗಳೆರಡಕ್ಕೆ ಅದನ್ನು ತುಂಬಿ ಕೆಲವು ನಿಮಿಷ ಬಿಡುತ್ತಾರೆ. ಮೊಟ್ಟೆ ಹಗುರ, ತೇಲಿ ಮೇಲೆ ಬರುತ್ತದೆ. ಗೆರೆಗಳೊಳಗೆ ಕಂಡ ಮೊಟ್ಟೆಗಳನ್ನು ಎಣಿಸಿ 50ರಿಂದ ಗುಣಿಸಿದರೆ ಎಪಿಜಿ. ನನಗೂ ಒಂದು ಸಲ ಕಣ್ಣಿಟ್ಟು ನೋಡಲು ಬಿಟ್ಟರು. ತೆಳು ಸಿಪ್ಪೆಯ ಉದ್ದನೆ ಮೊಟ್ಟೆ, ಒಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಏನೋ. ಚೆಂದವೇ ಇತ್ತು. ರಾಣಿಯದರಲ್ಲಿ 23 ಸಿಕ್ಕವು, ಅಂದರೆ 1,150. ಬಾದಲ್ 1,400. ಕರಿಯ 800, ಚಂದ್ರಿ 650, ಪೋನಿ ಪುಟ್ಟ 550. ರೇಸಿನಿಂದ ನಿವೃತ್ತನಾಗಿ ನಮ್ಮಲ್ಲಿಗೆ ಬಂದ ಸುಲ್ತಾನ್ ಬರೀ 150. ಗೌರಿ ಸೊನ್ನೆ!

ಒಂದೇ ಅಂಗಳ, ಒಂದೇ ಹುಲ್ಲು. ಆದರೂ ಗೌರಿಗೆ ಸೊನ್ನೆ, ಬಾದಲ್‌ಗೆ 1,400. ಇದು ಮಾಮೂಲಿಯಂತೆ. ಸಾಮಾನ್ಯವಾಗಿ ಹಿಂಡಿನ ಶೇಕಡಾ 20ರಷ್ಟು ಕುದುರೆಗಳೇ ಶೇಕಡಾ 80ರಷ್ಟು ಮೊಟ್ಟೆ ಹಾಕಿ ಅಂಗಳ ಕೆಡಿಸುತ್ತವೆ. 200ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 500 ದಾಟಿದರೆ ಜಾಸ್ತಿ. ಗೌರಿಗೂ ಸುಲ್ತಾನನಿಗೂ ನಾನು ನಾಲ್ಕು ವರ್ಷದಿಂದ ವರ್ಷಕ್ಕೆ ನಾಲ್ಕು ಸಲ ಮಾತ್ರೆ ನುಂಗಿಸುತ್ತಿದ್ದೆ.

ಲೆಕ್ಕಕ್ಕೆ 200 ದಾಟಿದವರನ್ನು ಮಾತ್ರ ತೆಗೆದುಕೊಳ್ಳಬೇಕು. ಆರು ಕುದುರೆ ಇದ್ದರೆ ಒಳ್ಳೆಯದು, ನಮ್ಮಲ್ಲಿ ಐದೇ ಸಿಕ್ಕವು. ಐದಕ್ಕೇ ಮಾಡೋಣ ಅಂದರು ಡಾಕ್ಟರ್.

ಔಷಧಿ ಕೊಡುವ ದಿನ ಇನ್ನೊಂದು ಮರ್ಯಾದೆ ಹೋಯಿತು. ಅವರು ಅಳತೆ ಟೇಪ್ ತಂದಿದ್ದರು. ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಕಿಲೋದಲ್ಲಿ ಬರುತ್ತದೆ. ಅಳತೆ ಸೆಂಟಿಮೀಟರಿನಲ್ಲಿರಬೇಕು. ಉದ್ದ ಅಂದರೆ ಭುಜದ ತುದಿಯಿಂದ ಪೃಷ್ಠದ ತುದಿಗೆ. ಬಾದಲ್ 172 ಸುತ್ತಳತೆ, 157 ಉದ್ದ. 391 ಕಿಲೋ! ಇಳಿದುಹೋದ ಮೇಲೂ ಇಷ್ಟು. ನಾನು ಎಲ್ಲರಿಗೂ 300 ಅಂತ ಅಂದಾಜು ಹಾಕಿ ದನಗಳ ಒಂದೂವರೆ ಗ್ರಾಂ ಫೆನ್‌ಬೆಂಡಜೋಲ್ ಮಾತ್ರೆ ಒಂದೊಂದು ಕೊಡುತ್ತಿದ್ದೆ. ಕಿಲೋಗೆ 5 ಮಿಲಿಗ್ರಾಂ ಬೇಕಾದ ಕಡೆ ಬಾದಲ್‌ಗೆ ನಾಲ್ಕೂ ಸಿಗುತ್ತಿರಲಿಲ್ಲ. ಕಡಿಮೆ ಡೋಸಿಗೆ ಸಾಯದೆ ಉಳಿದ ಗಟ್ಟಿ ಹುಳುಗಳೇ ಮುಂದೆ ಸಂತಾನ ಬೆಳೆಸುತ್ತವೆ. ಅಂದರೆ ಅವುಗಳನ್ನು ಸಾಕಿದವನೂ ನಾನೇ.

ಈ ಸಲ ತೂಕಕ್ಕೆ ತಕ್ಕ ಡೋಸ್ ಕೊಟ್ಟೆವು. ಬಾದಲ್‌ಗೆ ಒಂದು ಪೂರ್ತಿ ಮಾತ್ರೆ, ಇನ್ನೊಂದರ ಮೂರನೇ ಒಂದು ಭಾಗ, ಪುಡಿ ಮಾಡಿ ಬೆಲ್ಲದ ಜೊತೆ. ಡೋಸ್ ಸಾಲಲಿಲ್ಲ ಅನ್ನುವ ನೆಪ ಈಗ ಔಷಧಿಗೆ ಉಳಿಯಲಿಲ್ಲ.

ರಜೆ ಅಂತ ಭಾನುವಾರ ಕೊಟ್ಟೆವು. ಭಾನುವಾರದಿಂದ 14 ದಿನ ಎಣಿಸಿದರೆ ಮತ್ತೆ ಭಾನುವಾರವೇ ಅಲ್ವಾ? ಲ್ಯಾಬ್ ರಜೆ. ಇದು ಹೊಳೆದದ್ದು ಹದಿಮೂರನೇ ದಿನ ರಾತ್ರಿ. ಭಾನುವಾರ ಬೆಳಿಗ್ಗೆ ತೆಗೆದ ಐದು ಕವರನ್ನು ಡಬ್ಬಿಯಲ್ಲಿ ಹಾಕಿ ಮನೆಯ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟೆ. ಸಂಜೆ ಅಮ್ಮ ಮೊಸರು ತೆಗೆಯಲು ಹೋಗಿ ಡಬ್ಬಿ ತೆರೆದರು. "ದೇವರ ನೈವೇದ್ಯಕ್ಕೆ ಹಾಲಿಡೋ ಜಾಗದಲ್ಲಿ ಲದ್ದಿ ಇಟ್ಟಿದ್ದೀಯಲ್ಲೋ!" ಆ ರಾತ್ರಿ ಫ್ರಿಜ್ ಪೂರ್ತಿ ಖಾಲಿ ಮಾಡಿ ತೊಳೆದೆ. ಮೂರು ದಿನ ನನ್ನ ಕೈಯ ಕಾಫಿ ಯಾರೂ ಕುಡಿಯಲಿಲ್ಲ. ಔಷಧಿಯನ್ನು ಸೋಮವಾರವೋ ಮಂಗಳವಾರವೋ ಕೊಡಿ. ಲದ್ದಿಗೆ ಒಂದು ಥರ್ಮಾಕೋಲ್ ಡಬ್ಬ ಬೇರೆ ಇಟ್ಟುಕೊಳ್ಳಿ.

ಬುಧವಾರ ಫಲಿತಾಂಶ ಬಂತು. ರಾಣಿ 700, ಕರಿಯ 450, ಚಂದ್ರಿ 600, ಬಾದಲ್ 800, ಪುಟ್ಟ 200. ಮೊದಲಿನ ಸರಾಸರಿ 910, ಈಗ 550. ಮೊದಲ ಸರಾಸರಿಯಿಂದ ಎರಡನೆಯದನ್ನು ಕಳೆಯಿರಿ, ಬಂದದ್ದನ್ನು ಮೊದಲ ಸರಾಸರಿಯಿಂದ ಭಾಗಿಸಿ, 100ರಿಂದ ಗುಣಿಸಿ. ಶೇಕಡಾ 39.6. ಫೆನ್‌ಬೆಂಡಜೋಲ್ 90ಕ್ಕಿಂತ ಕೆಳಗೆ ಬಂದರೆ ಹುಳು ಅದಕ್ಕೆ ಜಗ್ಗುವುದಿಲ್ಲ ಅಂತ ಅರ್ಥ. ನಮ್ಮದು ಪಾಸ್ ಮಾರ್ಕ್ಸಿನ ಅರ್ಧವೂ ಮುಟ್ಟಲಿಲ್ಲ.

ಕೋಪ ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಡಾಕ್ಟರ್ ಮಾತ್ರ ಆಶ್ಚರ್ಯಪಡಲಿಲ್ಲ. ಕುದುರೆಗಳ ಸಣ್ಣ ಸ್ಟ್ರಾಂಗೈಲ್ ಹುಳುಗಳು ಈ ಜಾತಿಯ ಔಷಧಿಗೆ ಪ್ರಪಂಚದ ಬಹಳ ಕಡೆ ಬಗ್ಗುತ್ತಿಲ್ಲವಂತೆ. ಕ್ಯಾಲೆಂಡರ್ ನೋಡಿ ಔಷಧಿ ಕೊಡುವ ರೂಢಿ 1960ರ ದಶಕದಲ್ಲಿ ಅಮೆರಿಕದ ಕೆಂಟುಕಿಯಿಂದ ಬಂದದ್ದು. ಆಗ ಹೆದರಿಕೆ ಇದ್ದದ್ದು ಕರುಳಿನ ರಕ್ತನಾಳಕ್ಕೆ ನುಗ್ಗುವ ದೊಡ್ಡ ಸ್ಟ್ರಾಂಗೈಲ್ ಬಗ್ಗೆ. ಅದನ್ನು ಆ ಪದ್ಧತಿ ಚೆನ್ನಾಗಿಯೇ ಹತೋಟಿಗೆ ತಂದಿತು. ಸಣ್ಣವು ಮಾತ್ರ ಎಲ್ಲಾ ಔಷಧಿ ರುಚಿ ನೋಡುತ್ತಾ ಗಟ್ಟಿಯಾದವು. ನನ್ನ ಗೋಡೆಯ ಕೆಂಪು ಸುತ್ತುಗಳಿಗೆ ಇಷ್ಟು ಹಳೆಯ ಕಥೆ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಮುಂದಿನ ಪರೀಕ್ಷೆ ಬೇರೆ ಜಾತಿಯ ಜಂತು ಔಷಧಿಗೆ, ಐವರ್ಮೆಕ್ಟಿನ್‌ಗೆ. ಕುದುರೆಯ ಪೇಸ್ಟ್ ಬೇಕು. ಮೊದಲ ಅಂಗಡಿಯಲ್ಲಿ ಇರಲಿಲ್ಲ. "ಇಂಜೆಕ್ಷನ್ ತಗೊಳಿ ಸಾರ್, ದನಕ್ಕೆ ಹಾಕೋದು, ಅದೇ ಔಷಧಿ, ಕಾಲು ಭಾಗ ರೇಟು" ಅಂದರು. ಆಸೆಯಾಯಿತು. ಡಾಕ್ಟರಿಗೆ ಫೋನ್ ಮಾಡಿದರೆ ಬೈದರು. ಕುದುರೆಗೆ ಐವರ್ಮೆಕ್ಟಿನ್ ಚುಚ್ಚಬಾರದು, ಚುಚ್ಚಿದ ಜಾಗದಲ್ಲಿ ಕೆಟ್ಟ ಸೋಂಕಾಗಿ ಕುದುರೆ ಸತ್ತದ್ದೂ ಉಂಟು. ಬಾಯಿಯಿಂದಲೇ ಕೊಡಬೇಕು. ಪೇಸ್ಟ್ ಬರಲು ನಾಲ್ಕು ದಿನ, ಸಿರಿಂಜ್ ಒಂದಕ್ಕೆ 950 ರೂಪಾಯಿ.

ಕೊಡುವ ದಿನ ಬೆಳಿಗ್ಗೆ ಮತ್ತೆ ಲದ್ದಿ. ಈ ಸಲ ಸರಾಸರಿ 720. ಒಬ್ಬೊಬ್ಬರದ್ದೂ ತೂಕಕ್ಕೆ ಸರಿಯಾಗಿ ಸಿರಿಂಜಿನ ಬಿಲ್ಲೆ ತಿರುಗಿಸಿಟ್ಟು, ಮೊದಲ ಇಬ್ಬರಿಗೆ ನಾನೇ ಕೊಟ್ಟೆ. ಅಷ್ಟರಲ್ಲಿ ಆಫೀಸಿನ ಫೋನ್ ಬಂತು. ಮಿಕ್ಕದ್ದು ಸೈಸ್ ನೋಡಿಕೊಳ್ಳುತ್ತಾನೆ ಅಂದುಕೊಂಡು ಆಚೆ ಹೋದೆ.

ಹದಿನಾಲ್ಕು ದಿನದ ಮೇಲೆ ರಾಣಿ ಸೊನ್ನೆ, ಕರಿಯ ಸೊನ್ನೆ, ಬಾದಲ್ ಸೊನ್ನೆ, ಪುಟ್ಟ ಸೊನ್ನೆ. ಚಂದ್ರಿ 250. ಸರಾಸರಿ 50. ಲೆಕ್ಕ ಹಾಕಿದರೆ ಶೇಕಡಾ 93. ಐವರ್ಮೆಕ್ಟಿನ್‌ಗೆ ಪಾಸ್ ಮಾರ್ಕ್ಸು 95.

ಆ ರಾತ್ರಿ ನಿದ್ದೆ ಬರಲಿಲ್ಲ. ಕುದುರೆಗೆ ಇರುವ ಔಷಧಿಗಳ ಜಾತಿ ಬೆರಳೆಣಿಕೆಯಷ್ಟೇ. ಒಂದು ಹೋಯಿತು, ಈಗ ಇದೂ ಹೋದರೆ? ಬೆಳಿಗ್ಗೆ ಡಾಕ್ಟರ್ ಒಂದೇ ಮಾತು ಹೇಳಿದರು: "ನಾಲ್ಕು ಪೂರ್ತಿ ಸೊನ್ನೆ, ಒಂದು ಮಾತ್ರ 250. ಇದು ಹುಳುವಿನ ಕಥೆಯಲ್ಲ, ಚಂದ್ರಿ ಕಥೆ. ಅವತ್ತು ಯಾರು ಕೊಟ್ಟಿದ್ದು?"

ಸೈಸ್‌ನನ್ನು ಕೇಳಿದರೆ ಮೊದಲು ಇಲ್ಲ ಅಂದ. ಮೂರನೇ ಸಲ ಕೇಳಿದಾಗ ನೆಲ ನೋಡುತ್ತಾ ಹೇಳಿದ. ಚಂದ್ರಿ ಬಾಯಲ್ಲಿ ಹುಲ್ಲಿತ್ತು. ಪೇಸ್ಟ್ ಹಾಕಿದ ಕೂಡಲೇ ಹುಲ್ಲಿನ ಮುದ್ದೆ ಸಮೇತ ಉಗುಳಿಬಿಟ್ಟಳು. 950 ರೂಪಾಯಿಯದು ಅಂತ ಅವನಿಗೆ ಗೊತ್ತಿತ್ತು, ಬೈಸಿಕೊಳ್ಳುವ ಭಯಕ್ಕೆ ಸುಮ್ಮನಾಗಿದ್ದ. ಅವನಿಗೆ ಬೈಯಲು ಬಾಯಿ ಬರಲಿಲ್ಲ. ಫೋನ್ ಹಿಡಿದು ಆಚೆ ಹೋದವನು ನಾನು.

ಪೇಸ್ಟ್ ಕೊಡುವಾಗ ಬಾಯಿ ಖಾಲಿ ಇರಬೇಕು. ಸಿರಿಂಜನ್ನು ಹಲ್ಲಿಲ್ಲದ ಸಂದಿಯಿಂದ ಒಳಗೆ ತೂರಿಸಿ ನಾಲಿಗೆಯ ಬುಡದ ಮೇಲೆ ಹಾಕಬೇಕು, ಆಮೇಲೆ ತಲೆ ಎತ್ತಿ ಹಿಡಿದು ನುಂಗುವ ತನಕ ನಿಲ್ಲಬೇಕು. ಉಗುಳಿದ್ದು ನೆಲದ ಮೇಲಿದ್ದರೆ ತಕ್ಷಣ ಬಳಿದು ತೆಗೆಯಿರಿ. ನಾಯಿ ನೆಕ್ಕಿದರೆ ಅಪಾಯ, ಕೋಲಿಯಂಥ ಕೆಲವು ತಳಿಗಳಿಗಂತೂ ಪ್ರಾಣಕ್ಕೇ ಕುತ್ತು. ನಮ್ಮ ಬೀದಿ ನಾಯಿಗೆ ಅವತ್ತು ಅದೃಷ್ಟ ಗಟ್ಟಿಯಿತ್ತು.

ಡಾಕ್ಟರ್ ಹೇಳಿದ ಮೇಲೆ ಚಂದ್ರಿಗೆ ಮತ್ತೊಮ್ಮೆ ಕೊಟ್ಟೆವು, ನಾನೇ ತಲೆ ಹಿಡಿದು ನಿಂತೆ. ಹದಿನಾಲ್ಕು ದಿನ. ಆಗಸ್ಟ್ ಎರಡನೇ ವಾರದಲ್ಲಿ ಒಂದು ಸಾಲಿನ ಮೆಸೇಜ್ ಬಂತು: ಚಂದ್ರಿ, ಸೊನ್ನೆ. ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡೆ ಅಂದರೆ ನಗಬೇಡಿ.

ಸೊನ್ನೆ ಅಂದರೆ ಹುಳುವೇ ಇಲ್ಲ ಅಂತಲ್ಲ. ಎಣಿಕೆಗೆ ಸಿಗುವುದು ಬೆಳೆದ ಹುಳುವಿನ ಮೊಟ್ಟೆ ಮಾತ್ರ. ಕರುಳಿನ ಗೋಡೆಯಲ್ಲಿ ಗೂಡು ಕಟ್ಟಿ ಮಲಗಿರುವ ಮರಿಗಳು ಈ ಪರೀಕ್ಷೆಗೆ ಕಾಣುವುದಿಲ್ಲ, ಐವರ್ಮೆಕ್ಟಿನ್ ಅವುಗಳನ್ನು ಹೆಚ್ಚು ಮುಟ್ಟುವುದೂ ಇಲ್ಲ. ಲಾಡಿಹುಳುವಿನ ಮೊಟ್ಟೆಯೂ ಹೀಗೆ ಎಣಿಸುವಾಗ ಸಾಮಾನ್ಯವಾಗಿ ಸಿಗದು. ಅದಕ್ಕೇ ಗೌರಿ, ಸುಲ್ತಾನ್ ಸೇರಿದಂತೆ ಎಲ್ಲರಿಗೂ ವರ್ಷಕ್ಕೊಮ್ಮೆ ಔಷಧಿ ಇದ್ದೇ ಇರುತ್ತದೆ, ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಸೇರಿಸಿ. ಮರಿ ಕುದುರೆ ಇರುವವರು ನನ್ನ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಮರಿಗಳ ದುಂಡುಹುಳು ಬೇರೆಯೇ. ಅದು ಬಹಳ ಕಡೆ ಐವರ್ಮೆಕ್ಟಿನ್‌ಗೇ ಬಗ್ಗುವುದಿಲ್ಲ. ನಿಮ್ಮ ಡಾಕ್ಟರನ್ನು ಕೇಳಿ.

ಇಷ್ಟರ ಮಧ್ಯೆ ಡಾಕ್ಟರ್ ಒಂದು ದಿನ ನಮ್ಮ ನೇಪಿಯರ್ ಹುಲ್ಲಿನ ಪಾತಿ ನೋಡಿದರು. ಬುಡಕ್ಕೆ ಹಸಿ ಲದ್ದಿ ಸುರಿದಿದ್ದೆವು, ಗೊಬ್ಬರ ಅಂತ. ಮಳೆಗಾಲದಲ್ಲಿ ಮೊಟ್ಟೆ ಒಡೆದು ಮರಿಗಳು ಹುಲ್ಲಿನ ಎಸಳು ಹತ್ತುತ್ತವೆ, ಆ ಹುಲ್ಲು ಕೊಯ್ದು ಮತ್ತೆ ಕುದುರೆಗೇ ಹಾಕುತ್ತೇವೆ. ಅಂದರೆ ಒಂದು ಕಡೆ ಮಾತ್ರೆ, ಇನ್ನೊಂದು ಕಡೆ ಹುಳುವಿನ ಊಟದ ಬಡಿಸುವಿಕೆ. ಈಗ ಲದ್ದಿ ಮೊದಲು ತಿಪ್ಪೆಯಲ್ಲಿ ಬಿಸಿಯೇರಿ ಕೊಳೆಯುತ್ತದೆ, ಆಮೇಲೆ ರಾಗಿ ಹೊಲಕ್ಕೆ. ಅಂಗಳದ ಲದ್ದಿಯನ್ನು ವಾರಕ್ಕೆ ಎರಡು ಸಲ ಎತ್ತುತ್ತೇವೆ. ಸೈಸ್ ಗೊಣಗುತ್ತಾನೆ. ಸಂಬಳ ಸ್ವಲ್ಪ ಏರಿಸಬೇಕಾಯಿತು.

ಖರ್ಚು ಕೇಳುವವರಿಗೆ: ಮೊದಲ ಲ್ಯಾಬ್ 1,050. ಎರಡನೆಯದರಲ್ಲಿ ಒಟ್ಟು 31 ಸ್ಯಾಂಪಲ್, 9,300. ಪೇಸ್ಟ್ ಆರು ಸಿರಿಂಜ್, 5,700. ಡಾಕ್ಟರ್ ಭೇಟಿಗಳು 3,000. ಪೆಟ್ರೋಲ್ ಹತ್ತಿರ ಹತ್ತಿರ 5,000. ಎಲ್ಲಾ ಸೇರಿ 24 ಸಾವಿರ. ನಾಲ್ಕು ವರ್ಷದ 112 ಮಾತ್ರೆಗೆ ನಾನು ಕೊಟ್ಟದ್ದು ಐದು ಸಾವಿರವೂ ಇಲ್ಲ. ಈ ಲೆಕ್ಕ ನೋಡಿದರೆ ನಾನು ದಡ್ಡ. ಆದರೆ ಮೇ ತಿಂಗಳ ಆ ಒಂದು ಕೋಲಿಕ್ ರಾತ್ರಿಗೇ 6,500 ಆಗಿತ್ತು. ಮುಂದೆ ಇಷ್ಟು ಖರ್ಚೂ ಬರುವುದಿಲ್ಲ. ಅಕ್ಕಪಕ್ಕದಲ್ಲಿ ಕುದುರೆ ಸಾಕುವವರಿದ್ದರೆ ಸೇರಿಕೊಂಡು ಒಂದೇ ದಿನ ಸ್ಯಾಂಪಲ್ ಒಯ್ಯಿರಿ, ಪೆಟ್ರೋಲಾದರೂ ಉಳಿಯುತ್ತದೆ.

ಕೊನೆಯ ಹಂತ ಸಲೀಸಾಯಿತು. ಐವರ್ಮೆಕ್ಟಿನ್ ಕೊಟ್ಟ ಮೇಲೆ ಮೊಟ್ಟೆ ಮತ್ತೆ ಕಾಣಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಅದಕ್ಕಿಂತ ಬೇಗ ಬಂದರೆ ಹುಳು ಈ ಔಷಧಿಗೂ ಒಗ್ಗಿಕೊಳ್ಳುತ್ತಿದೆ ಅಂತ ಮುನ್ಸೂಚನೆ. ಚಂದ್ರಿಯ ಲೆಕ್ಕ ತಡವಾಗಿ ಶುರುವಾದ್ದರಿಂದ ಅವಳನ್ನು ಬಿಟ್ಟು ನಾಲ್ವರದ್ದು ನೋಡಿದೆವು. ಆರನೇ ವಾರ ಬಾದಲ್ 50, ಉಳಿದವರು ಸೊನ್ನೆ. ಎಂಟನೇ ವಾರ, ಅಂದರೆ ಸೆಪ್ಟೆಂಬರ್ ಮೊದಲಲ್ಲಿ, ಬಾದಲ್ 150, ರಾಣಿ 50, ಕರಿಯ ಮತ್ತು ಪುಟ್ಟ ಸೊನ್ನೆ. ಯಾರೂ 200 ಮುಟ್ಟಿಲ್ಲ. ಬಾದಲ್‌ನ ಪಕ್ಕೆಲುಬು ಈಗ ಕೈಗೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಮೊನ್ನೆ ಸೈಸ್ ಕ್ಯಾಲೆಂಡರ್ ಮುಂದೆ ನಿಂತು ಕೇಳಿದ. "ಸಾರ್, ಅಕ್ಟೋಬರ್ ಮಾತ್ರೆ ತರಬೇಕಲ್ಲ?"

ಈ ತಿಂಗಳು ಯಾರಿಗೂ ಇಲ್ಲ, ಮೊದಲು ಎಣಿಸೋದು ಅಂದೆ.

ಅವನು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಕೆಂಪು ಸುತ್ತಿನೊಳಗೆ ದಪ್ಪ ಅಕ್ಷರದಲ್ಲಿ 'ಲದ್ದಿ' ಅಂತ ಬರೆದ. ಭಾನುವಾರ ಅಂತ ನೆನಪಾಗಿ ಅಳಿಸಿ, ಪಕ್ಕದ ಸೋಮವಾರದಲ್ಲಿ ಬರೆದ.